ಕಾಕಾ ಎಣ್ಣೆ ಕುಡಿದಿರಲಿಲ್ಲ, ಅವರ ಬೆನ್ನು ಕುಡಿದಿತ್ತು

ನಮ್ಮ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡೆಯೋದು’ ಅನ್ನುತ್ತಾರೆ. ಹಾವೇರಿ, ಗದಗ, ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಮಾತಿನಿಂದಲೇ ಆ ದಿನ ಎಮರ್ಜೆನ್ಸಿ ಬಾಗಿಲಲ್ಲಿ ಅರ್ಧ ನಿಮಿಷ ಹೋಯಿತು. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಸ್ಟ್ರೆಚರ್ ಒಳಗೆ ಬಂದ ಕೂಡಲೇ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಕೇಳಿದರು, "ಏನಾಯ್ತು?"

"ಮುಂಜಾನೆ ಎಣ್ಣಿ ಹೊಡ್ಯಾಕ ಹೋಗಿದ್ರು ಸರ್."

"ಎಷ್ಟು ಕುಡಿದಿದ್ದಾರೆ? ದಿನಾ ಕುಡೀತಾರಾ?"

ಅವರು ಮೈಸೂರು ಕಡೆಯವರು. ಅವರ ತಪ್ಪೇನಿಲ್ಲ. ನನಗೆ ಗಾಬರಿಯಲ್ಲಿ ಮಾತೇ ಹೊರಡಲಿಲ್ಲ. ಪಕ್ಕದಲ್ಲಿದ್ದ ಸಿಸ್ಟರ್ ನಮ್ಮ ಕಡೆಯವರೇ, ಅವರೇ ಹೇಳಿದರು: "ಸರ್, ಅದಲ್ಲ. ಹೊಲಕ್ಕೆ ಔಷಧ ಹೊಡೆಯೋಕೆ ಹೋಗಿದ್ರಂತೆ." ಡಾಕ್ಟರು ಮತ್ತೆ ಒಂದು ಮಾತೂ ಕೇಳಲಿಲ್ಲ. ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಕಾಕಾನ ರೆಪ್ಪೆ ಎತ್ತಿದರು. ನಾನೂ ಬಗ್ಗಿ ನೋಡಿದೆ. ಕಣ್ಣಿನ ಕಪ್ಪು ಪಾಪೆ ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು. ಸೂಜಿ ಚುಚ್ಚಿದ ಚುಕ್ಕಿ ಇದ್ದ ಹಾಗೆ.

ಈಗ ಅವತ್ತಿನ ಬೆಳಗ್ಗೆಗೆ ಹೋಗೋಣ. ನಮ್ಮದು ಸವಣೂರು ಕಡೆ, ಎರಡು ಎಕರೆ ಮೆಣಸಿನಕಾಯಿ, ಉಳಿದಿದ್ದರಲ್ಲಿ ಹತ್ತಿ. ಕಾಕಾಗೆ ಐವತ್ತೆರಡು. ಹದಿನಾರು ಲೀಟರಿನ ಬ್ಯಾಟರಿ ಪಂಪು ಬೆನ್ನಿಗೆ ಹಾಕಿಕೊಂಡು ಬೆಳಗ್ಗೆ ಎಂಟಕ್ಕೆ ಹತ್ತಿಗೆ ಇಳಿದಿದ್ದರು. ಪಂಪಿನ ಮುಚ್ಚಳದ ವಾಷರ್ ಹೋಗಿ ವಾರವಾಗಿತ್ತು. ಬಗ್ಗಿದಾಗೆಲ್ಲ ಮುಚ್ಚಳದಿಂದ ಸ್ವಲ್ಪ ಸ್ವಲ್ಪ ಸೋರಿ ಬೆನ್ನ ಮೇಲೆ ಇಳಿಯುತ್ತಿತ್ತು. ಅಂಗಿ, ಬನಿಯನ್, ಸೊಂಟದ ತನಕ ಎಲ್ಲ ತೋಯ್ದಿತ್ತು. ಬಿಸಿಲಿಗೆ ಬೆವರೂ ಸೇರಿಕೊಂಡು ಯಾವುದು ಬೆವರು, ಯಾವುದು ಎಣ್ಣೆ ಅಂತ ಅವರಿಗೇ ಗೊತ್ತಾಗಿಲ್ಲ. ನಡುವೆ ನಾಜಲ್ ಕಟ್ಟಿಕೊಂಡಾಗ ಬಾಯಿಂದ ಊದಿ ಬಿಡಿಸಿದ್ದಾರೆ. ಎಲ್ಲರೂ ಹಾಗೇ ಮಾಡುತ್ತಾರೆ, ನಾನೂ ಮಾಡಿದ್ದೇನೆ.

ಹನ್ನೊಂದು ಗಂಟೆಗೆ ಬದುವಿನ ಮೇಲೆ ಕೂತರು. ತಲೆ ಸಿಡಿತ, ಕಣ್ಣು ಮಂಜು ಮಂಜು. ಆಮೇಲೆ ವಾಂತಿ. "ಏನಿಲ್ಲೋ, ಬಿಸಲಿಗೆ ತಲಿ ತಿರಗೈತಿ" ಅಂದರು. ನಾನು ನಂಬಿದೆ. ಬೈಕಿನ ಮೇಲೆ ನನ್ನ ಬೆನ್ನಿಗೆ ಒರಗಿಸಿಕೊಂಡು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಬಿಸಿಲು ಹೊಡೆದಿದೆ ಅಂದರು, ಸಲೈನ್ ಹಚ್ಚಿದರು. ನಾನು ಕೂಡ ‘ಎಣ್ಣಿ ಹೊಡಿಯೋ ಮುಂದ ಆತು’ ಅಂತ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆ ತೋಯ್ದ ಅಂಗಿ ಮೈಮೇಲೇ ಇತ್ತು. ನಲವತ್ತು ನಿಮಿಷ ಹಾಗೇ ಮಲಗಿಸಿದ್ದೆವು. ಅಷ್ಟೂ ಹೊತ್ತು ಬೆನ್ನಿನ ಚರ್ಮ ಅದನ್ನು ಒಳಗೆ ಎಳೆದುಕೊಳ್ಳುತ್ತಲೇ ಇತ್ತು ಅಂತ ಆಮೇಲೆ ಗೊತ್ತಾದಾಗ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಬಾಯಿಂದ ಜೊಲ್ಲು ಸುರಿಯತೊಡಗಿತು. ಒರೆಸಿದಷ್ಟೂ ಬರುತ್ತಿತ್ತು. ಉಸಿರಾಡಿದರೆ ಎದೆಯಲ್ಲಿ ಗೊರಗೊರ ಸದ್ದು. ಧೋತರದಲ್ಲೇ ಉಚ್ಚೆ ಹೋಗಿಬಿಟ್ಟಿತು. ತೊಡೆಯ ಮಾಂಸಖಂಡ ಚರ್ಮದ ಕೆಳಗೆ ಹುಳ ಹರಿದಾಡಿದಂತೆ ಪಟಪಟ ಅಂತ ಅದುರುತ್ತಿತ್ತು. ಆಗ 108ಕ್ಕೆ ಫೋನ್ ಮಾಡಿದೆ. ನಮ್ಮ ರಾಜ್ಯದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ಕ್ಕೆ, ಆಗ ನಾನು ಹೈಸ್ಕೂಲು. ಊರಿಗೆ ಬರೋದನ್ನು ಎಷ್ಟೋ ಸಲ ನೋಡಿದ್ದರೂ ಅವತ್ತೇ ಮೊದಲು ಅದರೊಳಗೆ ಕೂತಿದ್ದು. ಗಾಡಿಯಲ್ಲಿದ್ದ ಹುಡುಗ ಮೊದಲು ಮಾಡಿದ ಕೆಲಸ, ಕಾಕಾನನ್ನು ಎಡಮಗ್ಗುಲಿಗೆ ತಿರುಗಿಸಿದ್ದು. ಅಂಗಾತ ಮಲಗಿಸಿದರೆ ವಾಂತಿ, ಜೊಲ್ಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಬಾಯೊಳಗಿನ ನೊರೆ ಮಷೀನಿನಿಂದ ಎಳೆದು ಆಕ್ಸಿಜನ್ ಹಾಕಿದ. "ಅಣ್ಣಾ, ಏನ್ ಎಣ್ಣಿ ಅದು? ಡಬ್ಬಿ ಎಲ್ಲೈತಿ?" ಅಂತ ಕೇಳಿದ. ಹೊಲದಲ್ಲೇ ಬಿಟ್ಟು ಬಂದಿದ್ದೆವು. ಓಣಿಯ ಹುಡುಗನಿಗೆ ಫೋನ್ ಮಾಡಿ ಹುಡುಕಿ ತಾ ಅಂದೆ.

ಇನ್ನು ಎಮರ್ಜೆನ್ಸಿ.

ಕಣ್ಣು ನೋಡಿದ ಮೇಲೆ ಡಾಕ್ಟರು ಕಂಕುಳಿಗೆ ಕೈ ಹಾಕಿದರು. ಬೆವರಿನಿಂದ ಒದ್ದೆ. ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ನಾಡಿ ನಿಮಿಷಕ್ಕೆ 48. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಆಕ್ಸಿಜನ್ 86. ಬೆರಳು ಚುಚ್ಚಿ ಸಕ್ಕರೆ ನೋಡಿದರು, ಅದು ಸರಿ ಇತ್ತು. ಇಷ್ಟಕ್ಕೆ ಎರಡು ನಿಮಿಷವೂ ಆಗಿಲ್ಲ. "ಓಪಿ ಪಾಯ್ಸನ್. ಅಟ್ರೋಪಿನ್ ತನ್ನಿ" ಅಂದರು. ಓಪಿ ಅಂದರೆ ಆರ್ಗನೋಫಾಸ್ಫರಸ್, ನಮ್ಮ ಹೊಲಗಳಲ್ಲಿ ತುಂಬ ಬಳಸುವ ಕೀಟನಾಶಕಗಳ ಗುಂಪು.

ನಾನು ಅಂದುಕೊಂಡಿದ್ದೆ, ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ರಿಪೋರ್ಟ್ ಬರುತ್ತೆ, ಆಮೇಲೆ ವಿಷ ಯಾವುದು ಅಂತ ಗೊತ್ತಾಗುತ್ತೆ ಅಂತ. ಹಾಗಲ್ಲ. ರಕ್ತ ತೆಗೆದರು ನಿಜ, ಕೋಲಿನೆಸ್ಟರೇಸ್ ಅನ್ನೋ ಪರೀಕ್ಷೆಗೆ. ಅದರ ರಿಪೋರ್ಟ್ ಕೈಗೆ ಬಂದಿದ್ದು ಮರುದಿನ ಮಧ್ಯಾಹ್ನ. ಅಲ್ಲಿಯತನಕ ಕಾದಿದ್ದರೆ ಕಾಕಾ ಇರುತ್ತಿರಲಿಲ್ಲ. ಕಣ್ಣು, ಜೊಲ್ಲು, ಬೆವರು, ನಾಡಿ, ಎದೆಯ ಸದ್ದು, ಅದುರುವ ಮಾಂಸಖಂಡ, ಇವೆಲ್ಲ ಒಟ್ಟಿಗೆ ಸೇರಿದರೆ ವಿಷವೇ ತನ್ನ ಹೆಸರು ಹೇಳಿದ ಹಾಗೆ. ಬಿಸಿಲು ಹೊಡೆದವರ ಕಣ್ಣಿನ ಪಾಪೆ ಹೀಗೆ ಚುಕ್ಕಿಯಾಗಲ್ಲ. ಮಾರ್ಫಿನ್ ತರಹದ ಮದ್ದು ಹೆಚ್ಚಾದರೆ ಪಾಪೆ ಹೀಗಾಗುತ್ತೆ, ಆದರೆ ಬಾಯಲ್ಲಿ ಹೀಗೆ ಜೊಲ್ಲು ಸುರಿಯಲ್ಲ.

ಒಳಗೆ ಏನಾಗುತ್ತಿದೆ ಅಂತ ಆಮೇಲೆ ಹಿರಿಯ ಡಾಕ್ಟರ್ ಮೇಡಂ ಒಬ್ಬರು ನನಗೆ ಕೂರಿಸಿ ಹೇಳಿದರು. ನರದಿಂದ ಗ್ರಂಥಿಗೋ ಸ್ನಾಯುವಿಗೋ ಸುದ್ದಿ ಮುಟ್ಟಿಸುವ ಒಂದು ರಾಸಾಯನಿಕ ಇದೆ. ಕೆಲಸ ಆದ ಕೂಡಲೇ ಅದನ್ನು ಒಡೆದು ಹಾಕೋಕೆ ಒಂದು ಕಿಣ್ವ ಇದೆ, ಅದೇ ಈ ಕೋಲಿನೆಸ್ಟರೇಸ್. ಈ ವಿಷ ಆ ಕಿಣ್ವವನ್ನೇ ಕಟ್ಟಿ ಹಾಕುತ್ತದೆ. ಬೋರಿನ ಸ್ವಿಚ್ ಆಫ್ ಮಾಡೋರೇ ಇಲ್ಲದಿದ್ದರೆ ನೀರು ಹರಿದು ಹೊಲವೆಲ್ಲ ಕೆಸರಾಗುತ್ತದಲ್ಲ, ಹಾಗೆ. ಜೊಲ್ಲು, ಬೆವರು, ಉಚ್ಚೆ ನಿಲ್ಲಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಶ್ವಾಸಕೋಶದೊಳಗೇ ನೀರೂರುತ್ತದೆ. ಮನುಷ್ಯ ಒಣನೆಲದಲ್ಲಿ ಮುಳುಗುತ್ತಾನೆ.

ಅಟ್ರೋಪಿನ್ ಹರಿಯುವುದನ್ನು ಒಣಗಿಸುತ್ತದೆ. ಒಂದು ಆಂಪ್ಯೂಲಿನಲ್ಲಿ ಇರೋದು 0.6 ಮಿಲಿಗ್ರಾಂ. ಮೊದಲು ಮೂರು ಆಂಪ್ಯೂಲ್ ಕೊಟ್ಟರು. ಸಿಸ್ಟರ್ ಗೋಡೆ ಗಡಿಯಾರ ನೋಡಿ ಬರೆದುಕೊಂಡರು. ಐದು ನಿಮಿಷಕ್ಕೆ ಮತ್ತೆ ಎದೆ ಕೇಳಿದರು, ಕಂಕುಳು ಮುಟ್ಟಿದರು. ಇನ್ನೂ ಒದ್ದೆ. ಡೋಸ್ ಡಬಲ್ ಮಾಡಿ ಆರು ಕೊಟ್ಟರು. ಮತ್ತೆ ಐದು ನಿಮಿಷ. ಆಮೇಲೆ ಹನ್ನೆರಡು. ಟ್ರೇಯಲ್ಲಿ ಮುರಿದ ಗಾಜಿನ ಕತ್ತುಗಳ ಗುಡ್ಡೆ. ಇಪ್ಪತ್ತೊಂದು ಆಂಪ್ಯೂಲ್ ಆದ ಮೇಲೆ ಡಾಕ್ಟರು ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು, ಒಂದು ಕಡೆ, ಇನ್ನೊಂದು ಕಡೆ, ಕೆಳಗೆ. "ಕ್ಲಿಯರ್" ಅಂದರು. ನಾಡಿ 104 ಇತ್ತು. ಕಂಕುಳು ಒಣಗಿತ್ತು. ಒಣಗಿದ ಕಂಕುಳು ಅಷ್ಟು ಸಮಾಧಾನ ಕೊಡುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಅಷ್ಟೂ ಕೊಟ್ಟಿದ್ದರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗದಷ್ಟನ್ನು ಗಂಟೆ ಗಂಟೆಗೆ ಡ್ರಿಪ್ಪಿನಲ್ಲಿ ಕೊಡುತ್ತಾ ಹೋದರು.

ಈ ಇಂಜೆಕ್ಷನ್ ನಡೆಯುತ್ತಿರುವಾಗಲೇ ಇನ್ನಿಬ್ಬರು ಕಾಕಾನ ಬಟ್ಟೆ ಕತ್ತರಿಸಿ ತೆಗೆದರು. ಎಲ್ಲರೂ ಗ್ಲೌಸ್, ಪ್ಲಾಸ್ಟಿಕ್ ಏಪ್ರನ್ ಹಾಕಿಕೊಂಡಿದ್ದರು. ಅಂಗಿ, ಬನಿಯನ್, ಧೋತರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಸೋಪು ನೀರಿನಲ್ಲಿ ತಲೆಗೂದಲು, ಕಿವಿ ಹಿಂದೆ, ಹೊಕ್ಕಳು, ಉಗುರಿನ ಸಂದಿ ಎಲ್ಲ ತೊಳೆದರು. ಸೊಂಟದಲ್ಲಿ ಉಡದಾರ ಇತ್ತು, ಕರೀ ನೂಲಿಂದು. ಅದು ಎಣ್ಣೆ ಹೀರಿಕೊಂಡು ಜಿಡ್ಡಾಗಿತ್ತು. ಸಿಸ್ಟರ್ ಕತ್ತರಿ ಹಿಡಿದು ಚಿಗವ್ವನ ಮುಖ ನೋಡಿದರು. ಚಿಗವ್ವ ಒಂದು ಕ್ಷಣ ತಡೆದಳು. ನಮ್ಮಲ್ಲಿ ಉಡದಾರ ಕತ್ತರಿಸೋದು ಯಾವಾಗ ಅಂತ ನಿಮಗೆ ಗೊತ್ತಲ್ವಾ. "ಯವ್ವಾ, ಇದು ಮೈಮ್ಯಾಲೆ ಇರೋತನ ವಿಷ ಒಳಗ ಹೊಕ್ಕೊಂತನ ಇರತೈತಿ, ಹೊಸಾದು ಕಟ್ಟೂಣಂತ" ಅಂದರು ಸಿಸ್ಟರ್. ಚಿಗವ್ವ ತಲೆ ಆಡಿಸಿದಳು. ಡಾಕ್ಟರ ಕಲಿಕೆಯಷ್ಟೇ ಈ ಮಾತೂ ಅವತ್ತು ಕೆಲಸ ಮಾಡಿತು ಅಂತ ನನಗೆ ಅನಿಸುತ್ತದೆ. ಚರ್ಮದ ಚಪ್ಪಲಿ ಎಸೆಯಲು ಹೇಳಿದರು, ಚರ್ಮ ಹೀರಿದ್ದು ತೊಳೆದರೆ ಹೋಗಲ್ಲವಂತೆ.

ಆಮೇಲೆ ಅದೇ ಸಿಸ್ಟರ್ ನನ್ನ ಕಡೆ ತಿರುಗಿದರು. "ನಿಮ್ಮ ಅಂಗೀನೂ ತೆಗೀರಿ. ಕ್ಲಿನಿಕ್ಕಿಗೆ ಬೈಕಿನ ಮ್ಯಾಲೆ ಕರ್ಕೊಂಡು ಹೋದೋರು ನೀವೇ ಅಲ್ಲೇನು?" ನನಗೆ ಆಗಲೇ ತಲೆ ಭಾರವಾಗಿತ್ತು, ಗಾಬರಿಗೆ ಅಂದುಕೊಂಡಿದ್ದೆ. ಸ್ನಾನ ಮಾಡಿಸಿ, ನನ್ನ ಕಣ್ಣನ್ನೂ ನೋಡಿ, ಮೂರು ಗಂಟೆ ಅಲ್ಲೇ ಕೂರಿಸಿದರು.

ಅಷ್ಟರಲ್ಲಿ ಓಣಿಯ ಹುಡುಗ ಡಬ್ಬಿ ತಂದ. ಡಾಕ್ಟರು ಕಂಪನಿ ಇಟ್ಟ ದೊಡ್ಡಕ್ಷರದ ಹೆಸರನ್ನು ನೋಡಲೇ ಇಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದನ್ನು ಹುಡುಕಿದರು. ಪ್ರೊಫೆನೊಫಾಸ್ 40%, ಸೈಪರ್‌ಮೆಥ್ರಿನ್ 4%. ಮೊದಲನೆಯದು ಓಪಿ. ಲೇಬಲ್ಲಿನ ಮೂಲೆಯ ಬಣ್ಣದ ಗುರುತನ್ನೂ ಅವರೇ ಹೇಳಿಕೊಟ್ಟರು. ಕೆಂಪು ಅತಿ ಹೆಚ್ಚು ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಇಪ್ಪತ್ತು ವರ್ಷ ಎಣ್ಣೆ ಹೊಡೆದ ಮನೆ ನಮ್ಮದು. ಅವು ಏನು ಅಂತ ಯಾವತ್ತೂ ಕೇಳಿರಲಿಲ್ಲ.

"ಡಬ್ಬಿ ಸಿಗದಿದ್ದರೆ ಏನ್ ಮಾಡ್ತಿದ್ರಿ?" ಅಂತ ಕೇಳಿದೆ. ಮೇಡಂ 2018ರ ಡಿಸೆಂಬರ್ 14ರ ವಿಷಯ ತೆಗೆದರು. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರು ನೂರಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದರು, 17 ಜನ ತೀರಿಕೊಂಡರು. ಅದರಲ್ಲಿ ಬೆರೆತಿದ್ದು ಮೊನೊಕ್ರೊಟೊಫಾಸ್ ಅಂತ ಲ್ಯಾಬ್ ಹೇಳಿದ್ದು ಆಮೇಲೆ. "ಅಂಥ ಕಡೆ ಡಬ್ಬಿ ಹಿಡಿದು ಯಾರು ಬರ್ತಾರೆ? ರೋಗಿಯ ಮೈ ನೋಡಿ ಕೆಲಸ ಶುರು ಮಾಡೋದೇ" ಅಂದರು. ಗೊತ್ತಾಗದ ವಿಷ ಬಂದರೆ ಡಾಕ್ಟರುಗಳೂ ಕೇಳೋದಕ್ಕೆ ಒಂದು ಜಾಗ ಇದೆ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ, ಹಗಲೂ ರಾತ್ರಿ ತೆರೆದಿರುತ್ತದೆ, 1800 116 117. ಆ ನಂಬರ್ ಈಗ ನನ್ನ ಫೋನಿನಲ್ಲಿದೆ.

ಊರಿಂದ ಬಂದ ಹಿರಿಯರೊಬ್ಬರು ಒಂದೇ ಸಮನೆ ಕೇಳುತ್ತಿದ್ದರು, "ಹೊಟ್ಟಿ ಯಾಕ ತೊಳೆಯವಲ್ರಿ ಸಾಹೇಬ್ರ?" ನನಗೂ ಅದೇ ಪ್ರಶ್ನೆ ಇತ್ತು. ಡಾಕ್ಟರು ಬೇಜಾರು ಮಾಡಿಕೊಳ್ಳದೆ ಹೇಳಿದರು. ಇವರಿಗೆ ವಿಷ ಹೋಗಿದ್ದು ಚರ್ಮದಿಂದ, ಹೊಟ್ಟೆಯಲ್ಲಿ ತೊಳೆಯೋಕೆ ಏನೂ ಇಲ್ಲ. ಕುಡಿದವರಿಗೂ ಸುಮಾರು ಒಂದು ಗಂಟೆ ದಾಟಿದ ಮೇಲೆ ಅದರಿಂದ ಲಾಭ ಕಡಿಮೆ. ಉಸಿರುನಾಳ ಕಾಪಾಡದೆ ತೊಳೆಯಲು ಹೋದರೆ ನೀರು ಶ್ವಾಸಕೋಶಕ್ಕೆ ಇಳಿದು ಬೇರೆಯದೇ ಅಪಾಯ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾರಲ್ಲ, ಅದನ್ನಂತೂ ಮಾಡಲೇಬೇಡಿ ಅಂದರು. ಕೀಟನಾಶಕದಲ್ಲಿ ಸೀಮೆಎಣ್ಣೆಯಂಥ ದ್ರಾವಕ ಇರುತ್ತದೆ, ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಹೋದರೆ ಅದನ್ನೇ ಸುಡುತ್ತದೆ. ಉಪ್ಪು ಜಾಸ್ತಿಯಾಗಿ ಮೆದುಳಿಗೆ ಪೆಟ್ಟಾಗಿ ಸತ್ತವರೂ ಇದ್ದಾರೆ. ಆ ಹಿರಿಯರು ಅಷ್ಟೂ ಕೇಳಿಸಿಕೊಂಡು, "ನಾವು ಎಷ್ಟ್ ಮಂದಿಗೆ ಕುಡಿಸೇವೋ ದೇವರೇ ಬಲ್ಲ" ಅಂತ ಸುಮ್ಮನೆ ಕೂತುಬಿಟ್ಟರು.

ಪಿ.ಎ.ಎಂ. ಅನ್ನೋ ಇನ್ನೊಂದು ಇಂಜೆಕ್ಷನ್ನೂ ಕೊಟ್ಟರು, ಅರ್ಧ ಗಂಟೆ ಹಿಡಿದು ನಿಧಾನಕ್ಕೆ. ಕಟ್ಟಿಬಿದ್ದ ಕಿಣ್ವವನ್ನು ಬಿಡಿಸುವುದಕ್ಕೆ ಅದು. ಎಲ್ಲ ಓಪಿಗೂ ಒಂದೇ ಥರ ಕೆಲಸ ಮಾಡಲ್ಲ, ಪ್ರೊಫೆನೊಫಾಸ್‌ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂತ ಮುಂಚೆಯೇ ಹೇಳಿದರು. ಹಾಗೆ ಮುಚ್ಚುಮರೆ ಇಲ್ಲದೆ ಹೇಳಿದ್ದು ನನಗೆ ಧೈರ್ಯ ಕೊಟ್ಟಿತು.

ಪೊಲೀಸರು ಬಂದಿದ್ದು ಸಂಜೆ. ವಿಷದ ಕೇಸ್ ಬಂದರೆ ಆಸ್ಪತ್ರೆಯವರು ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸುವ ಕೇಸ್ ಅಂತ ದಾಖಲು ಮಾಡುತ್ತಾರೆ, ಹೊಲದಲ್ಲಿ ಆಕಸ್ಮಿಕವಾಗಿ ಆಗಿದ್ದರೂ ಸರಿ. ಚಿಗವ್ವ ಹೆದರಿ ಅಳತೊಡಗಿದಳು. ಡಾಕ್ಟರಿಂದ ಹಿಡಿದು ಪೇದೆಯವರೆಗೆ ನಾಲ್ಕು ಜನ ನಾಲ್ಕು ಸಲ ಕೇಳಿದರು, "ನಿಜ ಹೇಳಿ, ಕುಡಿದಿಲ್ಲ ತಾನೇ? ಮನೇಲಿ ಜಗಳ, ಸಾಲ?" ಮೊದಲು ನನಗೆ ಸಿಟ್ಟು ಬಂತು. ಸಾಲ ಯಾರಿಗಿಲ್ಲ? ಆಮೇಲೆ ಯಾಕೆ ಕೇಳುತ್ತಾರೆ ಅಂತ ಅರ್ಥವಾಯಿತು. ಕುಡಿದಿದ್ದರೆ ಹೋದ ಪ್ರಮಾಣವೇ ಬೇರೆ, ಮುಂದೆ ಕಾಯುವ ರೀತಿಯೇ ಬೇರೆ. ಆಮೇಲೆ ಕಾಕಾಗೆ ಎಚ್ಚರವಾದ ಮೇಲೆ ಮೇಡಂ ನಮ್ಮನ್ನೆಲ್ಲ ಹೊರಗೆ ಕಳಿಸಿ ಅವರೊಬ್ಬರ ಹತ್ತಿರವೇ ಕೂತು ಮಾತಾಡಿದರು. ಮನೆಯವರ ಎದುರು ಹೇಳಲಾಗದ್ದು ಇದ್ದರೆ ಹೇಳಿಕೊಳ್ಳಲಿ ಅಂತ. ಹಾಗೆ ಕೇಳಬೇಕು. ಮುಚ್ಚಿಟ್ಟರೆ ನಷ್ಟ ರೋಗಿಗೆ.

ಎರಡನೇ ದಿನ ಕಾಕಾ ಗಾಳಿಯಲ್ಲಿ ಏನೋ ಹಿಡಿಯತೊಡಗಿದರು. ಹತ್ತಿ ಬಿಡಿಸಿದ ಹಾಗೆ ಬೆರಳು ಆಡಿಸುತ್ತಿದ್ದರು, ಮೈ ಬಿಸಿ, ಹೊಟ್ಟೆ ಉಬ್ಬರ. ನಾವು ತಲೆ ಕೆಟ್ಟಿತು ಅಂತ ಅತ್ತೆವು. ಅದು ಅಟ್ರೋಪಿನ್ ಜಾಸ್ತಿಯಾದ ಲಕ್ಷಣ. ಡ್ರಿಪ್ ಸ್ವಲ್ಪ ಹೊತ್ತು ನಿಲ್ಲಿಸಿ, ಕಡಿಮೆ ಮಾಡಿ ಮತ್ತೆ ಹಚ್ಚಿದರು. ಸಂಜೆಗೆ ನನ್ನ ಗುರುತು ಹಿಡಿದರು. "ಪಂಪು ಹೊಲದಾಗ ಬಿಟ್ಟೇನೇನೋ?" ಅಂತ ಕೇಳಿದರು.

ಎಚ್ಚರ ಬಂತಲ್ಲ, ಇನ್ನು ಮನೆಗೆ ಹೋಗೋಣ ಅಂತ ಚಿಗವ್ವನ ಹಟ. ವಾರ್ಡಿನಲ್ಲಿ ಎಷ್ಟೋ ಜನ ಹಾಗೆ ಬರೆದುಕೊಟ್ಟು ಹೋಗುತ್ತಾರಂತೆ. ಮೇಡಂ ಕೈ ಮುಗಿಯೋದೊಂದು ಬಾಕಿ. "ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ, ಉಸಿರಾಟದ ಸ್ನಾಯು ಸೋಲಬಹುದು. ದಯವಿಟ್ಟು ಇರಿ" ಅಂದರು. ನಾಲ್ಕು ಗಂಟೆಗೊಮ್ಮೆ ಬಂದು ಎರಡೇ ಎರಡು ಪರೀಕ್ಷೆ ಮಾಡುತ್ತಿದ್ದರು, ಮಷೀನಿಲ್ಲ, ಏನಿಲ್ಲ. ದಿಂಬಿನಿಂದ ತಲೆ ಎತ್ತಿ ಹಿಡೀರಿ. ಆಮೇಲೆ, ಒಂದೇ ಉಸಿರಿನಲ್ಲಿ ಎಣಿಸಿ. ಎರಡನೇ ರಾತ್ರಿ ಕಾಕಾ ಇಪ್ಪತ್ನಾಲ್ಕರ ತನಕ ಎಣಿಸಿದರು. ಮೂರನೇ ಬೆಳಗ್ಗೆ ಹದಿನೇಳು. ಮಧ್ಯಾಹ್ನ ಹನ್ನೊಂದಕ್ಕೇ ನಿಂತರು. ತಲೆ ಎತ್ತಲು ನೋಡಿದರು, ಕುತ್ತಿಗೆಯ ನರ ಉಬ್ಬಿತು, ತಲೆ ದಿಂಬು ಬಿಡಲಿಲ್ಲ. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಬಾಯಲ್ಲಿ ಜೊಲ್ಲಿಲ್ಲ, ಎದೆಯಲ್ಲಿ ಸದ್ದಿಲ್ಲ, ಎಲ್ಲ ಚೆನ್ನಾಗಿರೋ ಹಾಗೇ ಕಾಣುತ್ತಿತ್ತು. ಅಟ್ರೋಪಿನ್ ಹರಿಯೋದನ್ನು ನಿಲ್ಲಿಸುತ್ತೆ, ಸೋತ ಸ್ನಾಯುವಿಗೆ ಅದರಿಂದ ಏನೂ ಆಗಲ್ಲ. ಮೂರು ಗಂಟೆಗೆ ಐ.ಸಿ.ಯು.ಗೆ ಒಯ್ದು ವೆಂಟಿಲೇಟರ್ ಹಾಕಿದರು. ನಾಲ್ಕು ದಿನ ಮಷೀನೇ ಉಸಿರಾಡಿಸಿತು. ಮನೆಗೆ ಕರೆದುಕೊಂಡು ಹೋಗಿದ್ದರೆ ಆ ಮಧ್ಯಾಹ್ನ ಕಾಕಾ ಪಡಸಾಲೆಯಲ್ಲಿ ಮಲಗಿರುತ್ತಿದ್ದರು, ನಾವು ‘ನಿದ್ದಿ ಮಾಡ್ಯಾರ, ಎಬ್ಬಿಸಬ್ಯಾಡ್ರಿ’ ಅಂತಿದ್ದೆವು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುವಾಗಲೇ ವಿಷ ಏರಿ ಎಷ್ಟೋ ರೈತರು, ಕೂಲಿಕಾರರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಪೇಪರಿನಲ್ಲಿ ಓದಿದ್ದೆ. ಓದಿ ಪಂಪು ಹೆಗಲಿಗೇರಿಸಿ ಹೊಲಕ್ಕೇ ಹೋಗಿದ್ದೆ. ಆ ವಾಷರಿಗೆ ಎಷ್ಟು ದುಡ್ಡು ಅಂತ ಐ.ಸಿ.ಯು. ಹೊರಗೆ ಕೂತು ಲೆಕ್ಕ ಹಾಕಿದೆ. ಒಂದು ಚಹಾದ ದುಡ್ಡು.

ಹದಿಮೂರನೇ ದಿನ ಮನೆಗೆ ಬಂದೆವು. ಚಿಗವ್ವ ಹೊಸಿಲ ಹೊರಗೇ ನಿಲ್ಲಿಸಿ ಹೊಸ ಉಡದಾರ ಕಟ್ಟಿದಳು. ಎರಡು ಮೂರು ವಾರದ ಮೇಲೆ ಕಾಲಿನ ನರಕ್ಕೆ ತೊಂದರೆ ಕಾಣಿಸಿಕೊಳ್ಳಬಹುದು, ಜೋಮು ಬಂದರೆ, ಪಾದ ಎಳೆದರೆ ಕೂಡಲೇ ಬನ್ನಿ, ಏನೂ ಆಗದಿದ್ದರೂ ಒಂದು ಸಲ ತೋರಿಸಿ ಅಂದಿದ್ದರು. ಮೂರನೇ ವಾರ ಹೋದೆವು. ಅದೇ ಹುಡುಗ ಡಾಕ್ಟರು. ಈಗ ಅವರೂ "ಎಣ್ಣಿ ಹೊಡ್ಯಾಕ ಹೋಗೀರೇನು ಮತ್ತ?" ಅಂತ ನಮ್ಮ ಮಾತಲ್ಲೇ ಕೇಳಿದರು. "ಇಲ್ರಿ ಸರ, ಇನ್ನೂ ಪಂಪು ಮುಟ್ಟಿಲ್ಲ" ಅಂದರು ಕಾಕಾ. ಡಾಕ್ಟರು ಟಾರ್ಚ್ ಹಾಕಿ ಕಣ್ಣು ನೋಡಿದರು, ಮಂಚದ ಮೇಲೆ ಮಲಗಿಸಿ ತಲೆ ಎತ್ತಿಸಿದರು. ಆಮೇಲೆ ಕಾರಿಡಾರಿನಲ್ಲಿ ನಡೆಯಲು ಹೇಳಿದರು, ಮೊದಲು ಹಿಮ್ಮಡಿಯ ಮೇಲೆ, ಆಮೇಲೆ ಬೆರಳ ತುದಿಯ ಮೇಲೆ. ಕಾಕಾ ಧೋತರ ಎತ್ತಿ ಹಿಡಿದುಕೊಂಡು, ಗೋಡೆ ಮುಟ್ಟದೆ, ಆ ತುದಿಯ ಕಿಟಕಿಯ ತನಕ ನಡೆದು ಹೋದರು.